ಕೈ ತಾನಾಗಿ ಹೋಗುವ ಸೀರೆ

ಬೀರುವಿನಲ್ಲಿ ಎಷ್ಟೇ ಸೀರೆಗಳಿರಲಿ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಕೈ ಹೋಗುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ. ಉಳಿದವು ಮಡಿಕೆ ಬಿಚ್ಚದೆ ಕೂತಿರುತ್ತವೆ. ಯಾರದೋ ಗೃಹಪ್ರವೇಶಕ್ಕೆ ಬಂದದ್ದು, ಯಾರೋ ಉಟ್ಟದ್ದನ್ನು ನೋಡಿ ಆಸೆಪಟ್ಟು ಕೊಂಡದ್ದು, ಆಷಾಢದ ರಿಯಾಯಿತಿಯಲ್ಲಿ ಬಿಡಲಾರದೆ ತಂದದ್ದು, ಹೀಗೆ ಒಂದೊಂದಕ್ಕೂ ಒಂದು ಕಾರಣ. ಅವುಗಳ ಮೇಲೆ ನನಗೇನೂ ಬೇಸರವಿಲ್ಲ. ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ಕೈ ತಾನಾಗಿ ಹೋಗುತ್ತಿದ್ದ ಆ ಕೆಲವೇ ಸೀರೆಗಳು. ಒಂದು ಭಾನುವಾರ ಅವನ್ನೆಲ್ಲ ಹೊರಗೆ ತೆಗೆದು ಮಂಚದ ಮೇಲೆ ಒಂದರ ಪಕ್ಕ ಒಂದನ್ನು ಹರವಿದೆ. ಎಲ್ಲವೂ ಹತ್ತಿಯವು. ಎಲ್ಲವೂ ಕಡುಬಣ್ಣದವು: ದಾಳಿಂಬೆ ಕೆಂಪು, ಕಪ್ಪಿಗೆ ತಿರುಗುವ ನೀಲಿ, ನೇರಳೆ, ಒಂದು ಅಚ್ಚ ಕಪ್ಪು. ಅಂಚು ತೀರಾ ಅಗಲವಿಲ್ಲ, ಒಡಲಿನಲ್ಲಿ ಹೂಬಳ್ಳಿಗಳ ಗದ್ದಲವಿಲ್ಲ. ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಊರುಗಳಲ್ಲಿ ಕೊಂಡವು ಅವು. ಆದರೂ ಒಬ್ಬರೇ ಕೂತು ಒಂದೇ ಸಲಕ್ಕೆ ಆರಿಸಿದ ಹಾಗೆ ಕಾಣುತ್ತಿದ್ದವು. ಹಾಗೆ ಆರಿಸಿದವಳು ನಾನೇ. ಆದರೆ ನನ್ನ ಬುದ್ಧಿಗಿಂತ ಎಷ್ಟೋ ಮೊದಲು ನನ್ನ ಮೈಗೆ ಅದು ಗೊತ್ತಾಗಿತ್ತು.

ನನ್ನದು ಎಣ್ಣೆಗಪ್ಪು ಮೈಬಣ್ಣ. ಬಾಗಲಕೋಟೆ ಕಡೆಯ ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಜನರದೂ ಅದೇ ಬಣ್ಣ. ಆದರೂ ಹೆಣ್ಣುಮಗಳು ಕಪ್ಪಗಿದ್ದರೆ ಅವಳ ಬಟ್ಟೆಯ ವಿಷಯದಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಪಂಚಮಿಗೋ ದೀಪಾವಳಿಗೋ ಅರಿವೆ ತರಲು ಹೋದಾಗ, ನಾನು ಕಡು ನೀಲಿಯ ಲಂಗದ ಬಟ್ಟೆಯ ಮೇಲೆ ಕೈ ಇಟ್ಟರೆ ಸಾಕು, ಸೋದರತ್ತೆ ಅದನ್ನು ಆಚೆ ಸರಿಸುತ್ತಿದ್ದಳು. "ಕರೀ ಮೈಗೆ ಕರೀ ಅರಿವಿ ತೊಟ್ಟರ ಏನ್ ಛಂದ ಕಾಣತೈತವ್ವಾ? ತಿಳಿ ಬಣ್ಣದ್ದ ತಗೋ," ಎನ್ನುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು. ಅಂಗಡಿಯವನೂ ಹೂಂಗುಟ್ಟುತ್ತಿದ್ದ. ಹೀಗೆ ನನ್ನ ಬಾಲ್ಯವೆಲ್ಲ ತಿಳಿ ಗುಲಾಬಿ, ತಿಳಿ ಹಳದಿ, ಕೆನೆ ಬಣ್ಣಗಳಲ್ಲಿ ಕಳೆಯಿತು. ಆ ಕಾಲದ ಫೋಟೋಗಳನ್ನು ಈಗ ನೋಡಿದರೆ ಮೊದಲು ಕಾಣುವುದು ಅಂಗಿ. ಹುಡುಗಿ ಆಮೇಲೆ.

ಇದರಲ್ಲಿ ವಿಚಿತ್ರವಾದದ್ದೊಂದಿದೆ. ಕಪ್ಪು ಮೈಗೆ ಕಪ್ಪು ಬೇಡ ಎನ್ನುವ ಇದೇ ಸೀಮೆಯಲ್ಲಿ ಮದುಮಗಳಿಗೆ ಚಂದ್ರಕಾಳಿ ಸೀರೆ ಕೊಡುವ ರೂಢಿಯಿತ್ತು. ಚಂದ್ರಕಾಳಿ ಎಂದರೆ ಕಪ್ಪು ಸೀರೆ. ಅದರ ಮೇಲೆ ಮನೆಯ ಹೆಂಗಸರು ಕೂತು ಹಾಕಿದ ಕಸೂತಿ: ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಅದರಲ್ಲಿ ಗವಂತಿಯದು ದೊಡ್ಡ ಕುಶಲ. ಸೂಜಿ ಒಂದು ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ವಾಪಸು ಬಂದು ಖಾಲಿ ಬಿಟ್ಟ ಜಾಗವನ್ನೆಲ್ಲ ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಮುಗಿದ ಮೇಲೆ ಬಟ್ಟೆಯನ್ನು ತಿರುವಿ ಹಾಕಿದರೆ ಹಿಂದೆಯೂ ಅದೇ ಗೋಪುರ. ಅಚ್ಚಿನ ಗುರುತು ಹಾಕಿಕೊಳ್ಳದೆ, ಬಟ್ಟೆಯ ಎಳೆಗಳನ್ನೇ ಎಣಿಸಿಕೊಂಡು ಇದನ್ನು ಹಾಕುತ್ತಾರೆ. ಕಪ್ಪು ನೆಲದ ಮೇಲೆ ಕೆಂಪು, ಬಿಳಿ, ಹಳದಿ, ಹಸಿರು ಎಳೆಗಳು ಎದ್ದು ಕಾಣುವಷ್ಟು ಬೇರೆ ಯಾವ ಬಣ್ಣದ ಮೇಲೂ ಕಾಣುವುದಿಲ್ಲ ಎಂಬುದನ್ನು ತಿಳಿದೇ ನಮ್ಮ ಹೆಂಗಸರು ಕಪ್ಪನ್ನು ಆರಿಸಿಕೊಂಡಿದ್ದರು.

ನಮ್ಮ ಆಯಿಗೂ, ಅಂದರೆ ಅಜ್ಜಿಗೂ, ಅದು ತಿಳಿದಿತ್ತು. ಅವಳು ನನಗಿಂತ ಒಂದು ಪಟ್ಟು ಹೆಚ್ಚೇ ಕಪ್ಪಗಿದ್ದಳು. ಉಡುತ್ತಿದ್ದದ್ದು ಕಡುನೀಲಿ, ಕಡುಗೆಂಪು ಹದಿನೆಂಟು ಮೊಳದ ಇಳಕಲ್ ಸೀರೆ, ಕಚ್ಚೆ ಹಾಕಿ. ತಲೆಯ ಮೇಲೆ ಸೆರಗು, ಹಣೆಯ ಮೇಲೆ ಕಾಸಿನಗಲದ ಕುಂಕುಮ. ಅತ್ತೆ ನನ್ನ ಕೈಯಿಂದ ನೀಲಿ ಬಟ್ಟೆ ಕಿತ್ತಿಟ್ಟ ಸಂಗತಿ ಕೇಳಿ ಅವಳಿಗೆ ಸಿಟ್ಟು ಬಂದಿತ್ತು. "ಯರಿ ಹೊಲದಾಗ ಕುಸುಬಿ ಹೂವ ನೋಡೀಯಿಲ್ಲ ನೀನು? ಹಂಗ ಕಾಣಬೇಕು," ಅಂದಿದ್ದಳು. ಯರಿಯ ಕಪ್ಪು ಭೂಮಿಯನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕು, ಸ್ವಂತ ಸಂಬಳದಲ್ಲಿ ಸೀರೆ ಕೊಳ್ಳುವ ಕಾಲ ಬಂದಾಗ ನಾನು ಮೊದಲು ಕೊಂಡದ್ದು ನೀಲಿ ಇಳಕಲ್ ಸೀರೆಯನ್ನೇ. ಕೊಳ್ಳುವಾಗ ಆಯಿ ಮಾಡುತ್ತಿದ್ದಂತೆಯೇ ಮಾಡಿದೆ. ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು, ಬಿಸಿಲಿಗೆ ಹಿಡಿದು, ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿದೆ. ಅಂಗಡಿಯ ಒಳಗಿನ ದೀಪಗಳಲ್ಲಿ ಬಣ್ಣದ ನಿಜ ತಿಳಿಯುವುದಿಲ್ಲ. ನೀಲಿ ಅಲ್ಲಿ ಕಪ್ಪಾಗಿಯೂ ಹಸಿರು ಅಲ್ಲಿ ಬೂದಿಯಾಗಿಯೂ ಕಾಣಬಹುದು. ಹಳೆಯ ಹೆಂಗಸರು ಸೀರೆ ಹಿಡಿದುಕೊಂಡು ಬಾಗಿಲಿಗೆ ಬಂದರೆ ಕೆಲಸದ ಹುಡುಗರು ನಗುತ್ತಾರೆ. ಆದರೆ ಬಣ್ಣ ನೋಡುವ ಸರಿಯಾದ ರೀತಿ ಅದೊಂದೇ. ಬಟ್ಟೆಯನ್ನು ಮುಖದ ಹತ್ತಿರ ಹಿಡಿದಾಗ ಕಣ್ಣು ಬಟ್ಟೆಯ ಮೇಲೆ ನಿಲ್ಲುತ್ತದೆಯೋ ಮುಖದ ಮೇಲೆ ನಿಲ್ಲುತ್ತದೆಯೋ ಎಂಬುದನ್ನು ಪಕ್ಕದವರನ್ನು ಕೇಳಿದರೆ ಸಾಕು. ಮುಖದ ಮೇಲೆ ನಿಂತರೆ ಆ ಬಣ್ಣ ನಮ್ಮದು. ಅಂದು ನನ್ನ ಜೊತೆ ಬಂದಿದ್ದ ಅವ್ವ ಒಂದು ಕ್ಷಣ ನೋಡಿ, "ಇದನ್ನ ಕಟ್ಟಸು," ಅಂದಳು. ಅವ್ವ ಹೆಚ್ಚು ಮಾತಿನವಳಲ್ಲ.

ಇಳಕಲ್ ಸೀರೆಯನ್ನು ನೇಯುವುದನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೇಲೆ ಇನ್ನೊಂದು ಬಗೆಯ ಪ್ರೀತಿ ಹುಟ್ಟುತ್ತದೆ. ಕುಣಿಮಗ್ಗದಲ್ಲಿ ನೇಕಾರ ಕಾಲು ಕೆಳಗೆ ಬಿಟ್ಟು ನೆಲದ ಮಟ್ಟದಲ್ಲಿ ಕೂತಿರುತ್ತಾನೆ. ಒಡಲಿನ ಹಾಸು ಹತ್ತಿಯದು. ಸೆರಗಿನ ಹಾಸು ರೇಷ್ಮೆಯದು, ಕೆಂಪು ಬಣ್ಣದ್ದು. ಈ ಎರಡು ಬೇರೆ ಬೇರೆ ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಡಲಿನ ಎಳೆ ಬಾಗಿ ಬಂದು ಸೆರಗಿನ ಎಳೆಯ ಬಾಗಿನೊಳಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಹೀಗೆ ಸೀರೆಯ ಅಗಲದುದ್ದಕ್ಕೂ ಸಾವಿರಾರು ಎಳೆ. ಈ ಕೊಂಡಿಯ ಕೆಲಸವಿರುವುದರಿಂದಲೇ ಉದ್ದನೆಯ ಒಂದು ಹಾಸು ಹಾಕಿ ಸಾಲಾಗಿ ಹತ್ತಾರು ಸೀರೆ ನೇಯ್ದು ಕತ್ತರಿಸುವುದು ಇದರಲ್ಲಿ ಆಗದ ಮಾತು. ಒಂದೊಂದು ಸೀರೆಗೂ ಬೇರೆಯೇ ಹಾಸು ಹೂಡಬೇಕು. ಈ ಕೆಲಸದಲ್ಲಿ ಮನೆಯ ಹೆಂಗಸರ ಕೈ ದೊಡ್ಡದು. ಕಂಡಿಗೆ ಸುತ್ತುವುದರಿಂದ ಹಿಡಿದು ಎಳೆ ಹೊಂದಿಸುವತನಕ ಅವರೇ. ಇಷ್ಟೆಲ್ಲ ಆದಮೇಲೆ ಕೆಂಪು ಸೆರಗಿನ ಮೇಲೆ ಬಿಳಿ ತೋಪುತೆನೆ ಮೂಡುತ್ತದೆ: ಕೆಂಪು ಪಟ್ಟಿ, ಬಿಳಿ ಪಟ್ಟಿ, ಮತ್ತೆ ಕೆಂಪು, ಮತ್ತೆ ಬಿಳಿ, ಮತ್ತೆ ಕೆಂಪು. ಪಟ್ಟಿಗಳು ಸೇರುವಲ್ಲಿ ಜೋಳದ ತೆನೆ, ಹಣಿಗೆಯ ಹಲ್ಲು, ಕೋಟೆಯ ಕೊತ್ತಳಗಳ ಸಾಲು. ಬೆನ್ನ ಮೇಲೆ ಇಳಿಬಿಟ್ಟುಕೊಳ್ಳುವ ಈ ಸೆರಗನ್ನು ಉಟ್ಟವಳು ತಾನು ನೋಡುವುದೇ ಇಲ್ಲ. ಹಿಂದೆ ಬರುವವರ ಕಣ್ಣಿಗಾಗಿ ನೇಯ್ದ ಅಂದ ಅದು.

ಕೈಮಗ್ಗದ್ದೋ ಯಂತ್ರಮಗ್ಗದ್ದೋ ಎಂದು ತಿಳಿಯಬೇಕಾದರೆ ಆ ಕೊಂಡಿಯನ್ನೇ ಹುಡುಕಬೇಕು. ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ತಿರುವಿ ಬೆರಳಿನಿಂದ ಸವರಿದರೆ ಎಳೆಗಳು ಕೂಡಿಕೊಂಡ ಜಾಗ ಸಣ್ಣಗೆ ತಾಗುತ್ತದೆ. ಬರೀ ತೋಪುತೆನೆಯ ಚಿತ್ರವನ್ನು ನಕಲು ಮಾಡಿದ ಸೀರೆಯಲ್ಲಿ ಅಂಥ ಗೆರೆ ಇರುವುದಿಲ್ಲ. ನಕಲಿಗೆ ಬೆಲೆ ಕಡಿಮೆ. ಕೊಳ್ಳುವವರನ್ನು ನಾನು ದೂರುವುದಿಲ್ಲ, ಎಲ್ಲರ ಕೈಚೀಲ ಒಂದೇ ಅಲ್ಲ. ಆದರೆ ನಕಲನ್ನು ಅಸಲಿಯ ಬೆಲೆಗೆ ಮಾರುವ ಅಂಗಡಿಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ದುಡ್ಡು ಸೇರಬೇಕಾದದ್ದು ಕುಣಿಯಲ್ಲಿ ಕಾಲಿಟ್ಟು ಕೂತವನಿಗೆ.

ಬಣ್ಣ ಒಂದಾಯಿತು. ಆಮೇಲೆ ಮೈಕಟ್ಟು. ನಾನು ಗಿಡ್ಡ. ಅಂಗೈ ಅಗಲಕ್ಕಿಂತ ಹೆಚ್ಚಿನ ಅಂಚಿನ ಸೀರೆಯನ್ನು ನಾನು ಉಟ್ಟರೆ ಮೊಣಕಾಲಿನಿಂದ ಕೆಳಗೆಲ್ಲ ಅಂಚೇ ಆಗುತ್ತದೆ, ನಿರಿಗೆಯಲ್ಲಿ ಅದು ಒಂದರ ಮೇಲೊಂದು ಬಿದ್ದು ಗಡುಸಾಗುತ್ತದೆ. ನನ್ನ ತಂಗಿ ಎತ್ತರದ ಆಳು. ಅದೇ ಸೀರೆ ಅವಳ ಮೇಲೆ ಗಂಭೀರವಾಗಿ ಕೂರುತ್ತದೆ. ಹಬ್ಬದ ದಿನ ಇಬ್ಬರಿಗೂ ಒಂದೇ ಬಗೆಯ ಸೀರೆ ತರುವ ಅಪ್ಪನ ಪದ್ಧತಿಯಿಂದ ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಕಾಣುವಂತಾಯಿತು. ಗಂಜಿ ಹಾಕಿದ ಸೀರೆಯ ವಿಷಯವೂ ಹಾಗೆಯೇ. ತೆಳ್ಳಗಿನ ಮೈಗೆ ಗಂಜಿಯ ಗರಿಗರಿ ತುಂಬು ಕೊಡುತ್ತದೆ. ನನ್ನಂಥ ಗುಂಡನೆಯ ಮೈಗೆ ನಾಲ್ಕಾರು ಒಗೆತ ಕಂಡು ಮೆತ್ತಗಾದ ಹತ್ತಿಯೇ ಸರಿ, ಅದು ಮೈಯ ಇಳಿಜಾರನ್ನು ಹಿಡಿದು ಇಳಿಯುತ್ತದೆ. ಆದ್ದರಿಂದ ಹೊಸ ಸೀರೆಗಿಂತ ಉಟ್ಟು ಹಳತಾದ ಸೀರೆಯೇ ನನಗೆ ಚೆಂದ ಕಾಣುತ್ತದೆ. ಹೊಸದನ್ನು ಮೊದಲ ಸಲ ಉಪ್ಪು ನೀರಿನಲ್ಲಿ ನೆನೆಸಿ, ಕೆಂಪು ಸೆರಗು ಒಡಲಿಗೆ ತಾಗಿ ಬಣ್ಣ ಬಿಡದ ಹಾಗೆ ಬೇರೆ ಹಿಡಿದು ಒಗೆದು, ನೆರಳಿನಲ್ಲಿ ಆರಹಾಕುವಾಗಲೇ ಅದು ಎರಡು ವರ್ಷ ಕಳೆದ ಮೇಲೆ ಹೇಗಿರಬಹುದು ಎಂದು ಊಹಿಸಿಕೊಂಡು ಸಂತೋಷಪಡುತ್ತೇನೆ.

ಇನ್ನು ಕುಪ್ಪಸ. ಸೀರೆಯ ಬಗ್ಗೆ ಪುಟಗಟ್ಟಲೆ ಬರೆಯುವವರು ಕುಪ್ಪಸವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ ಇಡೀ ದಿನ ಸೀರೆಯುಟ್ಟು ಕೆಲಸ ಮಾಡುವವಳನ್ನು ಕೇಳಿ. ಸುಖವೆಲ್ಲ ಕುಪ್ಪಸದಲ್ಲಿದೆ. ನಾನು ಗಣಿತ ಪಾಠ ಮಾಡುವವಳು, ಗಂಟೆಗಟ್ಟಲೆ ಬಲಗೈ ಎತ್ತಿಯೇ ಇರಬೇಕು. ಕೈ ಎತ್ತಿದಾಗಲೆಲ್ಲ ಕುಪ್ಪಸ ಮೇಲೆ ಜಗ್ಗುವುದು, ಸೊಂಟದ ಬಳಿ ಸೆರಗು ಸರಿಪಡಿಸಿಕೊಳ್ಳುವುದು, ಅರ್ಧ ಸಮೀಕರಣದಲ್ಲಿ ಗಮನ ಹಾರುವುದು, ಇದು ಎಷ್ಟೋ ವರ್ಷ ನಡೆಯಿತು. ಮೈಸೂರಿಗೆ ಬಂದಮೇಲೆ ನಮ್ಮ ಬೀದಿಯ ತುದಿಯಲ್ಲಿ ಒಬ್ಬ ವಯಸ್ಸಾದ ಟೇಲರ್ ಸಿಕ್ಕರು. ಅಳತೆಗೆ ನಿಂತಾಗ ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು, "ಮೇಡಂ, ತಾವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ ಬೋರ್ಡ್ ಮೇಲೆ ಬರೀತೀರಲ್ಲ, ಹಂಗೆ ಕೈ ಎತ್ತಿ," ಎಂದು ಎತ್ತಿದ ಕೈಯಲ್ಲೇ ಇನ್ನೊಮ್ಮೆ ಅಳತೆ ತೆಗೆದರು.

ಅವರು ಮಾಡಿದ್ದು ನಾವು ಅಂದುಕೊಳ್ಳುವುದಕ್ಕೆ ತಿರುಗುಮುರುಗು. ಕಂಕುಳ ಬಳಿ ಬಿಗಿಯಾದರೆ ಸಡಿಲ ಬಿಡಿಸುವುದು ಎಲ್ಲರ ರೂಢಿ. ಅವರು ಕಂಕುಳ ಕತ್ತರಿಯನ್ನು ಮೇಲೆ ಏರಿಸಿದರು. ಕಂಕುಳ ಕಮಾನು ಕೆಳಗೆ ಇಳಿದಷ್ಟೂ ತೋಳು ಕುಪ್ಪಸದ ಒಡಲಿಗೆ ಅಂಟಿಕೊಂಡಿರುತ್ತದೆ, ತೋಳು ಎದ್ದರೆ ಒಡಲನ್ನೂ ಎಳೆದುಕೊಂಡೇ ಏಳುತ್ತದೆ. ಕಮಾನು ಕಂಕುಳಿಗೆ ಸಮೀಪವಿದ್ದರೆ ತೋಳು ತಾನೊಂದೇ ಏಳುತ್ತದೆ. ಇದನ್ನು ಅವರು ಹರಕು ಬಟ್ಟೆಯ ತುಂಡೊಂದನ್ನು ಮಡಿಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ನನಗೆ ತೋರಿಸಿದರು. ರೇಖಾಗಣಿತವನ್ನು ಅಷ್ಟು ಚೆನ್ನಾಗಿ ನನಗೆ ಯಾರೂ ವಿವರಿಸಿದ್ದಿಲ್ಲ. ಮೊಣಕೈತನಕ ತೋಳು, ಹಿಂದೆ ಕುತ್ತಿಗೆ ಅತಿ ಇಳಿಯದ ಹಾಗೆ, ಮುಂದೆ ಕೊಕ್ಕೆ, ಒಳಗೆ ಮೊದಲೇ ನೀರಿಗೆ ಹಾಕಿ ಒಣಗಿಸಿದ ಹತ್ತಿಯ ಲೈನಿಂಗು. ಅಂದಿನಿಂದ ನನ್ನ ಎಲ್ಲ ಕುಪ್ಪಸಗಳೂ ಅದೇ ಅಳತೆಯವು. ಅವರೀಗ ಅಂಗಡಿಗೆ ಬರುವುದಿಲ್ಲ. ಮಗ ಹೊಲಿಯುತ್ತಾನೆ, ಅಪ್ಪನ ಅಳತೆಯ ಪುಸ್ತಕ ಇಟ್ಟುಕೊಂಡು.

ಕುಪ್ಪಸದ ಬಟ್ಟೆ ಮಾತ್ರ ಗುಳೇದಗುಡ್ಡದ ಖಣ. ನಮ್ಮ ಕಡೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಷಿಣ ಬೇರುಗಳ ಜೊತೆ ಖಣ ಇಡದಿದ್ದರೆ ಉಡಿ ತುಂಬಿದ ಹಾಗಲ್ಲ. ಹಾಗಾಗಿ ಪ್ರತಿ ಮನೆಯ ಟ್ರಂಕಿನಲ್ಲೂ ಮುಕ್ಕೋನ ಮಡಿಕೆಯ ಖಣಗಳು ಕೂಡಿಬಿದ್ದಿರುತ್ತವೆ. ಸಣ್ಣ ಸಣ್ಣ ಚಿಕ್ಕಿಯ ಒಡಲು, ಎರಡೂ ಬದಿಗೆ ಅಂಚು, ಬೆಳಕಿಗೆ ಹಿಡಿದರೆ ಒಂದು ಬಣ್ಣ, ಓರೆ ಮಾಡಿದರೆ ಇನ್ನೊಂದು. ಅಗಲ ಕಡಿಮೆಯಾದ್ದರಿಂದ ಕತ್ತರಿಸುವಾಗ ಲೆಕ್ಕ ತಪ್ಪಬಾರದು. ಅಂಚು ತೋಳಿನ ತುದಿಗೇ ಬರಬೇಕು. ನನ್ನ ಅವ್ವ ಖಣದ ಜಂಪರ್ ಬಿಟ್ಟು ಬೇರೆ ತೊಟ್ಟದ್ದು ನಾನು ಕಂಡಿಲ್ಲ. ಒಂದು ಹಸಿರು ಖಣ, ಒಂದು ಕೆಂಪು, ಒಂದು ಅರಿಷಿಣ ಬಣ್ಣದ್ದು ಇದ್ದರೆ ನನ್ನ ಯಾವ ಸೀರೆಗೂ ಹೊಂದುತ್ತದೆ. ಪ್ರತಿ ಸೀರೆಗೂ ಅದರದೇ ಬಣ್ಣದ ಕುಪ್ಪಸ ಹುಡುಕಿಕೊಂಡು ಅಲೆಯುವುದು ನನಗೆ ಎಂದೂ ಹಿಡಿಸಲಿಲ್ಲ. ಸೀರೆಯೂ ಕುಪ್ಪಸವೂ ಒಂದೇ ಬಣ್ಣವಾದರೆ ಎರಡರ ಅಂದವೂ ಮುಚ್ಚಿಹೋಗುತ್ತದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಎಲ್ಲರಿಗೂ ಹತ್ತಿಯೇ ಒಪ್ಪುತ್ತದೆ ಎಂದು ಮಾತ್ರ ಹೇಳಲಾರೆ. ನಮ್ಮ ಅತ್ತೆಯವರು ಮೈಸೂರಿನವರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಅವರ ಊರಿನ ಹೆಮ್ಮೆ. ಒಡಲೆಲ್ಲ ಒಂದೇ ಬಣ್ಣ, ಅಂಚಿಗೊಂದು ಜರಿ ಪಟ್ಟಿ, ಬೇರೇನೂ ಇಲ್ಲದ ಮೈಸೂರು ಕ್ರೇಪು ಅವರಿಗೆ ಹೇಳಿ ಮಾಡಿಸಿದ್ದು. ಉದ್ದನೆಯ, ನೇರ ನಡಿಗೆಯ ಅವರು ಬೂದು ಬಣ್ಣದ ಸಿಲ್ಕ್ ಉಟ್ಟು ಬೆಳಗಿನ ದೇವಸ್ಥಾನಕ್ಕೆ ಹೊರಟರೆ ಬೀದಿಯವರು ತಿರುಗಿ ನೋಡುತ್ತಿದ್ದರು. ನನ್ನ ಹೆಗಲ ಮೇಲೆ ಅದೇ ಸೀರೆ ನಿಲ್ಲುವುದಿಲ್ಲ, ಜಾರಿಕೊಂಡೇ ಇರುತ್ತದೆ. ಅವರೂ ಒಮ್ಮೆ ನನ್ನ ಇಳಕಲ್ ಉಟ್ಟು ನೋಡಿ, "ನಿನಗೇ ಚೆನ್ನ ಕಣಮ್ಮ ಇದು, ನನಗಲ್ಲ," ಎಂದು ಮಡಿಸಿ ಕೊಟ್ಟರು. ಅತ್ತೆ ಸೊಸೆಯರಲ್ಲಿ ಇಷ್ಟು ಸಲೀಸಾಗಿ ಇತ್ಯರ್ಥವಾದ ವಿಷಯ ಇನ್ನೊಂದಿಲ್ಲ.

ಸಾಗರದ ಕಡೆ ಕೊಟ್ಟ ನನ್ನ ನಾದಿನಿಯದು ಇನ್ನೊಂದು ಬಗೆ. ಅಲ್ಲಿ ಮಳೆ ಹಿಡಿದರೆ ಹತ್ತಿಯ ಬಟ್ಟೆ ವಾರವಾದರೂ ಒಣಗದು. ಒಲೆಯ ಮೇಲಿನ ಅಟ್ಟದಲ್ಲಿ ಒಣಹಾಕಿದರೆ ಹೊಗೆ ವಾಸನೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಳಿಗೆ ಬೇಗ ಒಣಗುವ ತೆಳು ಬಟ್ಟೆಯೇ ಗತಿ. ಬೇಸಿಗೆ ಬಂತೆಂದರೆ ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ಚರಕ ಸಂಘದ ಹೆಂಗಸರು ಅಡಿಕೆ ಚೊಗರಿನಲ್ಲಿ ಬಣ್ಣ ಹಾಕಿದ ಕೈಮಗ್ಗದ ಉಡುಪು. ಚೊಗರಿನ ಆ ಕಂದುಗೆಂಪು ಅವಳ ಗೋಧಿ ಬಣ್ಣಕ್ಕೆ ಎಷ್ಟು ಒಪ್ಪುತ್ತದೆಂದರೆ ಅದನ್ನು ಬೇರೆಯವರ ಮೇಲೆ ನೋಡಿದಾಗಲೂ ನನಗೆ ಅವಳೇ ನೆನಪಾಗುತ್ತಾಳೆ. ಹವೆ, ಮಳೆ, ನೀರು ಇವನ್ನು ಬಿಟ್ಟು ಬರೀ ಕನ್ನಡಿಯ ಮುಂದೆ ನಿಂತು ಬಟ್ಟೆ ಆರಿಸಿದರೆ ಆ ಬಟ್ಟೆ ಕನ್ನಡಿಯ ಮುಂದೆ ಮಾತ್ರ ಚೆನ್ನಾಗಿರುತ್ತದೆ.

ನನ್ನ ಮಗಳು ಸೀರೆ ಉಡುವುದು ವರ್ಷಕ್ಕೆ ಒಂದೋ ಎರಡೋ ಸಲ. ಅವಳಿಗೆ ಬೇಕಾದ್ದು ಜೇಬು. "ಅಮ್ಮಾ, ಜೇಬಿಲ್ಲದ ಬಟ್ಟೆ ನನಗೆ ತರಲೇಬೇಡ," ಎಂದು ಪಿಯುಸಿಯಲ್ಲಿದ್ದಾಗಲೇ ಘೋಷಿಸಿಬಿಟ್ಟಳು. ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಕಂಪನಿಗಳು ಜೇಬನ್ನು ಏಕೆ ಹೀಗೆ ಮರೆತಿವೆಯೋ! ಒಂದೊಂದರಲ್ಲಿ ಜೇಬಿನ ಬಾಯಿ ಮಾತ್ರ ಹೊಲಿದು ಒಳಗೆ ಚೀಲವನ್ನೇ ಇಟ್ಟಿರುವುದಿಲ್ಲ. ಅದಕ್ಕೇ ಟೇಲರ್ ಮಗನಿಂದ ಅವಳ ಎಲ್ಲ ಕುರ್ತಾಗಳಿಗೂ ಪಕ್ಕದ ಹೊಲಿಗೆ ಬಿಚ್ಚಿಸಿ ಆಳವಾದ ಜೇಬು ಇಡಿಸಿದೆವು. ಬೂದು, ನೀಲಿ, ಮಣ್ಣಿನ ಬಣ್ಣದ ಸಡಿಲ ಕುರ್ತಾ, ಜೇಬಿನಲ್ಲಿ ಫೋನು, ಕೀಲಿ, ಒಂದು ಪೆನ್ಸಿಲು, ಕೈಗಳೆರಡೂ ಖಾಲಿ. ಅವಳ ನಡಿಗೆಯೇ ಬದಲಾಯಿತು. ಆಯಿಯ ಸೊಂಟದಲ್ಲಿ ಯಾವಾಗಲೂ ಒಂದು ಚಂಚಿ ಇರುತ್ತಿತ್ತು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಮೊಮ್ಮಕ್ಕಳಿಗೆ ಕೊಡುವ ಚಿಲ್ಲರೆ ಎಲ್ಲಕ್ಕೂ ಖಾನೆಗಳಿದ್ದ ಬಟ್ಟೆಯ ಚೀಲ ಅದು. ಹೊಲದಲ್ಲಿ ದುಡಿಯುವವಳಿಗೆ ಕೈ ಖಾಲಿ ಇರಬೇಕಾಗಿತ್ತು. ಮರಿಮಗಳು ಕೇಳುತ್ತಿರುವುದೂ ಅದನ್ನೇ.

ಅಣ್ಣನ ಮಗಳು ಜರ್ಮನಿಯಲ್ಲಿದ್ದಾಳೆ. ಆ ಚಳಿಯಲ್ಲಿ ಸೀರೆಯ ಮಾತೇ ಇಲ್ಲ. ಅವಳು ಅವ್ವನ ಟ್ರಂಕಿನಲ್ಲಿದ್ದ ಹಳೆಯ ಖಣಗಳನ್ನು ಒಯ್ದು, ಒಂದಕ್ಕೊಂದು ಜೋಡಿಸಿ, ದಪ್ಪ ಲೈನಿಂಗ್ ಕೊಟ್ಟು ಒಂದು ಕೋಟು ಹೊಲಿಸಿಕೊಂಡಿದ್ದಾಳೆ. ಜೀನ್ಸಿನ ಮೇಲೆ ಅದನ್ನು ತೊಟ್ಟ ಫೋಟೋ ಕಳಿಸಿದಾಗ ಅವ್ವ ಅದನ್ನು ಊರಿನವರಿಗೆಲ್ಲ ತೋರಿಸಿದಳು.

ಉಡುಪಿನಿಂದಲೇ ನೆನಪಿನಲ್ಲಿ ನಿಂತ ದೊಡ್ಡವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಮೈಸೂರು ಪೇಟ, ಕೋಟು, ಟೈ ಇಲ್ಲದ ವಿಶ್ವೇಶ್ವರಯ್ಯನವರನ್ನು ನಾವು ಕಲ್ಪಿಸಿಕೊಳ್ಳುವುದೂ ಕಷ್ಟ. ಅಚ್ಚುಕಟ್ಟು ಅವರ ಅಣೆಕಟ್ಟಿನ ಲೆಕ್ಕದಲ್ಲಿದ್ದಷ್ಟೇ ಅವರ ಕೋಟಿನ ಗುಂಡಿಯಲ್ಲೂ ಇತ್ತು. ಕುವೆಂಪು ಎಂದರೆ ಬಿಳಿ ಪಂಚೆ, ಬಿಳಿ ಜುಬ್ಬ. ಗಾಂಧೀಜಿಯಂತೂ 1921ರ ಸೆಪ್ಟೆಂಬರ್‌ನಲ್ಲಿ ಮದುರೆಯಲ್ಲಿ ತುಂಡು ಪಂಚೆಗೆ ಇಳಿದರು, ಲಂಡನ್ನಿನ ಚಳಿಗೂ ಅದನ್ನು ಬಿಡಲಿಲ್ಲ. ಆದರೆ ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರದವರು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಸ್ವಾತಂತ್ರ್ಯ ಬಂದಮೇಲೆ ಅಧಿಕಾರದ ಕುರ್ಚಿ ಹುಡುಕದೆ, ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸುತ್ತ ನೇಕಾರರ, ಕುಂಬಾರರ, ಕಸೂತಿಯವರ ಊರೂರು ಅಲೆದ ಹೆಣ್ಣು. ಉಟ್ಟದ್ದು ಆ ಕೈಗಳು ನೇಯ್ದ ಸೀರೆಯನ್ನೇ. ಫೋಟೋಗಳಲ್ಲಿ ನೋಡಿ, ಬೆಳ್ಳಗಾದ ಕೂದಲಿಗೆ ಹೂ, ಅಗಲ ಅಂಚಿನ ಕೈಮಗ್ಗದ ಸೀರೆ, ಕೊರಳಲ್ಲಿ ದಪ್ಪನೆಯ ಹಳ್ಳಿಯ ಒಡವೆ. ವಯಸ್ಸಾದ ಹೆಂಗಸು ಬಣ್ಣ ತಗ್ಗಿಸಬೇಕು ಎನ್ನುವ ನಿಯಮ ಅವರ ಹತ್ತಿರ ಸುಳಿದಂತಿಲ್ಲ. ಅವರ ಕೆಲಸ ಬೇರೆ, ಉಡುಗೆ ಬೇರೆ ಆಗಿರಲಿಲ್ಲ. ಅಷ್ಟು ಒಪ್ಪುವುದಕ್ಕೆ ಅದೇ ಕಾರಣ ಎಂದು ನಾನು ನಂಬಿದ್ದೇನೆ.

ಈಗಿನ ಹುಡುಗಿಯರಿಗೆ ಫೋನು ತೆರೆದರೆ ಸಾಕು, ಈ ತಿಂಗಳ ಬಣ್ಣ ಯಾವುದು, ಮುಂದಿನ ಹಬ್ಬಕ್ಕೆ ತೋಳು ಎಷ್ಟುದ್ದ ಇರಬೇಕು ಎಂದು ಹೇಳುವವರು ಸಾಲುಗಟ್ಟಿದ್ದಾರೆ. ಮೈಬಣ್ಣಕ್ಕೆ ಇಂಥ ಬಣ್ಣ, ಮೈಕಟ್ಟಿಗೆ ಇಂಥ ಕತ್ತರಿ ಎಂಬ ಪಟ್ಟಿಗಳೂ ಇವೆ. ಕೆಲವಲ್ಲಿ ತಿಳಿವಳಿಕೆಯೂ ಉಂಟು. ಆದರೆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿನಲ್ಲಿ ನಮಗೆ ಹೇಗಿತ್ತು ಎನ್ನುವುದು ಆ ಪಟ್ಟಿಗಳಿಗೆ ಗೊತ್ತಿಲ್ಲ. ನನ್ನನ್ನು ಕೇಳುವ ವಿದ್ಯಾರ್ಥಿನಿಯರಿಗೆ ನಾನು ಹೇಳುವುದು ಇಷ್ಟೇ. ಇಡೀ ದಿನದಲ್ಲಿ ಮೈಮೇಲಿರುವ ಬಟ್ಟೆ ಎಷ್ಟು ಸಲ ನೆನಪಾಯಿತು ಎಂದು ರಾತ್ರಿ ಮಡಿಸಿಡುವಾಗ ಕೇಳಿಕೊಳ್ಳಿ. ಎಳೆದು ಸರಿಮಾಡಿಕೊಳ್ಳುತ್ತ, ಪಿನ್ನು ಮುಟ್ಟಿ ನೋಡುತ್ತ, ಯಾರು ನೋಡಿದರೋ ಎಂದು ಅಳುಕುತ್ತ ಕಳೆದ ದಿನದ ಬಟ್ಟೆ ಎಷ್ಟೇ ದುಬಾರಿಯಾಗಿದ್ದರೂ ಅದು ನಿಮ್ಮದಲ್ಲ, ಇಷ್ಟಪಡುವ ಇನ್ನೊಬ್ಬರಿಗೆ ಕೊಟ್ಟುಬಿಡಿ. ಬೆಳಿಗ್ಗೆ ತೊಟ್ಟದ್ದು ರಾತ್ರಿ ಬಿಚ್ಚುವವರೆಗೆ ನೆನಪಿಗೇ ಬಾರದಿದ್ದರೆ, ನಡುವೆ ಯಾರೋ ಒಬ್ಬರು "ಚೆನ್ನಾಗಿದೆ ಮಿಸ್" ಎಂದೂ ಅಂದಿದ್ದರೆ, ಅದರ ಬಟ್ಟೆ ಯಾವುದು, ಬಣ್ಣ ಯಾವುದು, ತೋಳು ಎಷ್ಟುದ್ದ, ಯಾರು ಹೊಲಿದರು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ಆ ಚೀಟಿ ಕೈಯಲ್ಲಿರಲಿ. ಕಿಟಕಿಯಲ್ಲಿ ಗೊಂಬೆ ತೊಟ್ಟ ಬಟ್ಟೆಯ ಕಡೆ ಆಮೇಲೆ ನೋಡಿದರಾಯಿತು.

ಕೊನೆಗೆ ತಾಯಂದಿರಲ್ಲಿ, ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯಲ್ಲೊಬ್ಬಳು ಕಪ್ಪು ಹುಡುಗಿ ಇರಬಹುದು, ಗಿಡ್ಡ ಹುಡುಗಿ ಇರಬಹುದು, ದಪ್ಪ ಹುಡುಗಿ ಇರಬಹುದು. ಬಟ್ಟೆಯಂಗಡಿಯಲ್ಲಿ ಅವಳ ಕೈ ತಾನಾಗಿ ಯಾವುದರ ಮೇಲೆ ಹೋಗುತ್ತದೆಯೋ ಅದನ್ನು ದಯವಿಟ್ಟು ಆಚೆ ಸರಿಸಬೇಡಿ. ಬಾಗಿಲ ಬೆಳಕಿಗೆ ಒಯ್ದು, ಅವಳ ಹೆಗಲ ಮೇಲೆ ಹಾಕಿ, ಅವಳ ಮುಖವನ್ನು ಒಮ್ಮೆ ನೋಡಿ. ಆಮೇಲೆ ಕಟ್ಟಿಸಿ.